ಹತ್ತು ಅಂಕದ ಸತ್ಯ

ಮೂರು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿಕೊಂಡೆ. ಆಗ ನನ್ನ ಪಿಎಚ್.ಡಿ.ಯ ಎರಡನೇ ವರ್ಷ. ಫೆಲೋಶಿಪ್ ಸಿಕ್ಕಿರಲಿಲ್ಲ, ಖರ್ಚಿಗೆ ಒಂದು ದಾರಿ ಬೇಕಿತ್ತು. ಮೊದಲ ಸೆಮಿಸ್ಟರಿನ ಮಕ್ಕಳಿಗೆ ಬರವಣಿಗೆಯ ಒಂದು ಪತ್ರಿಕೆ ಇತ್ತು. ಅದನ್ನು ತೆಗೆದುಕೊಳ್ಳಲು ಹಿರಿಯರಾರಿಗೂ ಮನಸ್ಸಿರಲಿಲ್ಲವಾದ್ದರಿಂದ ಅದು ನನಗೆ ಬಂತು. ನನಗಂತೂ ಖುಷಿಯೇ ಆಯಿತು. ಪಠ್ಯವಿಲ್ಲದ, ಗೈಡ್ ಇಲ್ಲದ, ಮಕ್ಕಳು ತಾವಾಗಿಯೇ ಏನಾದರೂ ಬರೆಯಬೇಕಾದ ತರಗತಿ. ಇನ್ನೇನು ಬೇಕು?

ಮೊದಲ ದಿನ ನಾನು ಹೇಳಿದ್ದು, ಬರವಣಿಗೆ ಕಲಿಸುವವರೆಲ್ಲ ಹೇಳುವುದನ್ನೇ. ನಿಮಗೆ ಗೊತ್ತಿರುವುದನ್ನು ಬರೆಯಿರಿ, ನಿಮ್ಮ ಮಾತಿನಲ್ಲಿ ಬರೆಯಿರಿ, ಸತ್ಯ ಬರೆಯಿರಿ. ಮೊದಲ ಅಸೈನ್‌ಮೆಂಟ್ 'ನಮ್ಮ ಮನೆ'. ಒಂದೂವರೆ ಪುಟ, ಹತ್ತು ಆಂತರಿಕ ಅಂಕ.

ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಮನೆಯ ಬಗ್ಗೆ ಇದ್ದವು. ಮುಂದೆ ತುಳಸಿ ಕಟ್ಟೆ, ಹಿಂದೆ ಹಿತ್ತಲು, ಒಳಗೆ ಚಿಕ್ಕ ಮತ್ತು ಸುಖೀ ಕುಟುಂಬ. ಹೈಸ್ಕೂಲಿನ ಪ್ರಬಂಧದ ಪುಸ್ತಕ ಅವರ ಕೈಯಲ್ಲಿ ಇನ್ನೂ ಬರೆಯುತ್ತಿತ್ತು. ನನಗೆ ಬೇಸರವಾಯಿತು. ಮುಂದಿನ ವಾರ ಸಿದ್ಧಲಿಂಗಯ್ಯನವರ 'ಊರು ಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ತೆಗೆದುಕೊಂಡು ಹೋಗಿ ಕೆಲವು ಪುಟ ಓದಿದೆ. ಹಸಿವಿನ ಪುಟಗಳು, ಅವಮಾನದ ಪುಟಗಳು. "ಮನೆ ಅಂದರೆ ಇದು. ಈಗ ಮತ್ತೆ ಬರೆದು ತನ್ನಿ" ಅಂದೆ. 'ಊರು ಕೇರಿ'ಯ ತುಂಬ ನಗು ಇದೆ ಎಂಬುದು ಅದನ್ನು ಓದಿದವರಿಗೆಲ್ಲ ಗೊತ್ತು. ಆ ನಗುವಿನ ಪುಟಗಳನ್ನು ನಾನು ದಾಟಿ ಹೋಗಿದ್ದೆ. ಹಾಗೆ ದಾಟಿದ್ದು ಆಗ ನನಗೆ ಗೊತ್ತಾಗಲೂ ಇಲ್ಲ.

ಎರಡನೇ ಸಲ ಬಂದ ಕಾಗದಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು.

ಒಂದು, ಹುಡುಗಿಯೊಬ್ಬಳದು. ಕುಡಿದು ಕುಡಿದು ತೀರಿಕೊಂಡ ಅಪ್ಪನ ಬಗ್ಗೆ ಬರೆದಿದ್ದಳು. ಅಳು ಗೋಳು ಏನೂ ಇರಲಿಲ್ಲ. ಅಪ್ಪ ಹೋಗಿ ಎರಡು ವರ್ಷವಾದರೂ ಅವ್ವ ಅವನ ಚಪ್ಪಲಿಯನ್ನು ಬಾಗಿಲ ಬದಿಯಿಂದ ತೆಗೆದಿಲ್ಲ. ದಿನಾ ಕಸ ಹೊಡೆಯುವಾಗ ಅದನ್ನು ಎತ್ತಿ, ಕೆಳಗೆ ಗುಡಿಸಿ, ಮತ್ತೆ ಅಲ್ಲೇ ಇಡುತ್ತಾಳೆ. ಇಷ್ಟೇ. ನಾನು ಒಂಬತ್ತು ಅಂಕ ಕೊಟ್ಟೆ. ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಹಿಂದಿನ ಬೆಂಚಿನಲ್ಲಿ ಅವಳ ಊರಿನವರೇ ಆದ ಇಬ್ಬರು ಹುಡುಗಿಯರು ತಲೆ ತಗ್ಗಿಸಿ ಕೂತಿದ್ದರು. ಅಳುತ್ತಿದ್ದಾರೆ ಎಂದುಕೊಂಡೆ.

ಇನ್ನೊಂದು, ಹುಡುಗನೊಬ್ಬನದು. ಅವನು ಮೊದಲ ಸಲ ಬರೆದದ್ದನ್ನೇ ಮತ್ತೆ ಬರೆದು ತಂದಿದ್ದ. ಅದೇ ತುಳಸಿ ಕಟ್ಟೆ, ಅದೇ ಸುಖೀ ಕುಟುಂಬ. ಅಕ್ಷರ ಮಾತ್ರ ಇನ್ನೂ ದುಂಡಗಾಗಿತ್ತು. ನಾಲ್ಕು ಅಂಕ ಕೊಟ್ಟು, ಕೆಂಪು ಇಂಕಿನಲ್ಲಿ 'ಇದು ಗೈಡಿನ ಮನೆ, ನಿನ್ನ ಮನೆ ಎಲ್ಲಿ?' ಎಂದು ಬರೆದೆ.

ಹತ್ತು ದಿನ ಕಳೆದಿರಬೇಕು. ಸ್ಕಾಲರ್‌ಶಿಪ್ ಅರ್ಜಿಗೆ ಆದಾಯ ಪ್ರಮಾಣಪತ್ರ ಹಿಡಿದುಕೊಂಡು ಒಬ್ಬರು ಸ್ಟಾಫ್ ರೂಮಿಗೆ ಬಂದರು. ಕೊರಳಲ್ಲಿ ಟೇಪು ಇನ್ನೂ ಹಾಗೇ ಇತ್ತು, ಅಂಗಡಿಯಿಂದ ನೇರ ಬಂದಿದ್ದರು. ಆ ಹುಡುಗಿಯ ಹೆಸರು ಹೇಳಿ "ನಾನು ಅಕಿ ಅಪ್ಪ ರೀ" ಎಂದರು.

ಅವರನ್ನು ಕೂರಿಸಿ, ಎಲ್ಲಿ ಸಹಿ ಮಾಡಬೇಕೆಂದು ತೋರಿಸಿ ಕಳಿಸಿದೆ. ಆಮೇಲೆ ಅವಳನ್ನು ಕರೆಸಿದೆ. ನನಗೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಪೆದ್ದಿ ಮಾಡಿದಳಲ್ಲ ಎಂಬ ಅವಮಾನ. ಅವಳು ಬಾಗಿಲಲ್ಲೇ ನಿಂತು ಹೇಳಿದಳು: "ಮೇಡಂ, ಸಿಟ್ಟ ಮಾಡಬ್ಯಾಡ್ರಿ. ನೀವು ಓದಿ ತೋರಿಸಿದ್ದೆಲ್ಲಾ ಬರೇ ಕಷ್ಟದ್ದ ಇತ್ರಿ. ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರಿ. ನಮ್ಮಪ್ಪ ಕುಡಿಯೂದಿಲ್ಲ, ನಮ್ಮವ್ವನ್ನ ಬೈಯೂದೂ ಇಲ್ಲ. ಏನ್ ಬರೀಬೇಕ್ರಿ ನಾನು?"

"ಮತ್ತೆ ಆ ಚಪ್ಪಲಿ?"

"ಬಾಜೂ ಮನಿ ಕಾಕಾಂದ್ರಿ."

ಆಗ ನನಗೆ ಹಿಂದಿನ ಬೆಂಚಿನ ಆ ಇಬ್ಬರ ನೆನಪಾಯಿತು. ಅವರಿಗೆ ಆ ಕಾಕಾ ಗೊತ್ತು, ಆ ಕಾಕೂ ಗೊತ್ತು. ತಮ್ಮ ಓಣಿಯ ಒಬ್ಬ ಹೆಂಗಸಿನ ದುಃಖವನ್ನು ನಾನು ಮೈಕಿಲ್ಲದೆಯೂ ಹಿಂದಿನ ಬೆಂಚಿಗೆ ಕೇಳುವಂತೆ ಓದಿದ್ದೆ.

ಅದೇ ವಾರ ಆ ಹುಡುಗನನ್ನೂ ಕೇಳಿದೆ, ಯಾಕಪ್ಪ ಮತ್ತೆ ಅದನ್ನೇ ಬರೆದೆ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನಿ ವಿಷಯ ಹೊರಗ ಹೇಳಬಾರದು ಅಂತ ನಮ್ಮವ್ವ ಹೇಳ್ಯಾಳ್ರಿ" ಎಂದ.

ಸುಳ್ಳು ಹೇಳಿದವಳಿಗೆ ಒಂಬತ್ತು. ಅವ್ವನ ಮಾತು ಉಳಿಸಿಕೊಂಡವನಿಗೆ ನಾಲ್ಕು. ಅಂಕಪಟ್ಟಿಯಲ್ಲಿ ಇವೆರಡೂ ನನ್ನ ಕೈಬರಹದಲ್ಲಿದ್ದವು. ಅಂದಿನಿಂದ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು: ಬರವಣಿಗೆಯ ಮೇಷ್ಟ್ರಿಗೆ ಒಬ್ಬ ವಿದ್ಯಾರ್ಥಿಯ ಬದುಕಿನ ಸತ್ಯವನ್ನು ಕೇಳುವ ಹಕ್ಕು ಇದೆಯೇ?

ಮೊದಲು ಸುಳ್ಳಿನ ವಿಷಯ. ಹುಡುಗಿ ಸುಳ್ಳು ಹೇಳಿದಳೇ? ಅದೇ ಕಾಗದವನ್ನು ಅವಳು 'ಕತೆ' ಎಂದು ಕರೆದು ಕೊಟ್ಟಿದ್ದರೆ ಯಾರೂ ಸುಳ್ಳೆನ್ನುತ್ತಿರಲಿಲ್ಲ. ಒಂದಕ್ಷರ ಬದಲಾಗದೆಯೂ ಅದು ಒಳ್ಳೆಯ ಕತೆಯಾಗಿರುತ್ತಿತ್ತು. ಎಂದರೆ ಸುಳ್ಳು ಇದ್ದದ್ದು ವಾಕ್ಯಗಳಲ್ಲಿ ಅಲ್ಲ. 'ಇದು ನನ್ನ ಮನೆ' ಎಂಬ, ಕಾಗದದ ಹೊರಗಿದ್ದ ಒಂದು ಒಪ್ಪಂದದಲ್ಲಿ. ಆ ಒಪ್ಪಂದವನ್ನು ಬರೆದವಳು ನಾನು; ಅವಳಿಗೆ ಅದನ್ನು ಬೇಡವೆನ್ನುವ ಅವಕಾಶವೇ ಇರಲಿಲ್ಲ. ಬೇಡವೆಂದರೆ ಹತ್ತು ಅಂಕ ಹೋಗುತ್ತಿತ್ತು. ಅಷ್ಟೇ ಅಲ್ಲ, ಯಾವ ಬಗೆಯ ಸತ್ಯಕ್ಕೆ ಬೆಲೆ ಹೆಚ್ಚು ಎಂದು ಮಾದರಿ ಓದಿ ತೋರಿಸಿದವಳೂ ನಾನೇ. ಸಂತೆಯಲ್ಲಿ ಯಾವ ಮಾಲಿಗೆ ಗಿರಾಕಿ ಇದ್ದಾರೋ ಅದನ್ನೇ ತರುತ್ತಾರೆ. ಇಲ್ಲಿ ಗಿರಾಕಿ ನಾನಾಗಿದ್ದೆ, ಮಾಲು ಕಷ್ಟ.

ಇದರಿಂದ ಅವಳ ತಪ್ಪು ಇಲ್ಲವಾಗುವುದಿಲ್ಲ. ಬಾಜೂ ಮನೆಯವರ ಚಪ್ಪಲಿಯನ್ನು ಕೇಳದೆ ತಂದಳಲ್ಲ, ಅದು ತಪ್ಪೇ. ಆದರೆ ಆ ತಪ್ಪು ಸುಳ್ಳಿಗಿಂತ ಬೇರೆ ಬಗೆಯದು. ಅವಳು ಬರೆದ ಚಪ್ಪಲಿ ನಿಜವಾದದ್ದು. ನಿಜವಾಗಿದ್ದರಿಂದಲೇ ಅದು ಇನ್ನೊಬ್ಬರಿಗೆ ಸೇರಿದ್ದಾಗಿತ್ತು.

ಹುಡುಗನ ಸುಖೀ ಕುಟುಂಬವೂ ಸುಳ್ಳಿರಬಹುದಲ್ಲ ಎಂದು ನೀವು ಕೇಳಬಹುದು. ಇರಬಹುದು. ಬೀದಿಯಲ್ಲಿ ಸಿಕ್ಕವರು "ಆರಾಮಾ?" ಎಂದರೆ "ಆರಾಮ್ರಿ" ಎನ್ನುತ್ತೇವೆ. ಹಿಂದಿನ ರಾತ್ರಿ ಮನೆಯಲ್ಲಿ ಏನೇ ನಡೆದಿರಲಿ, ಆ ಮಾತನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಅದು ಮಾಹಿತಿಯಲ್ಲ, ಮುಚ್ಚಿದ ಬಾಗಿಲು. ಬಾಗಿಲು ಮುಚ್ಚಿದೆ ಎಂದು ಇಬ್ಬರಿಗೂ ಗೊತ್ತು. ಗೈಡಿನ ವಾಕ್ಯಗಳು ಅವನಿಗೆ ಅಂಥ ಬಾಗಿಲಾಗಿದ್ದವು. ಗೈಡಿನ ಭಾಷೆ ಎಂದರೆ ಸೋಮಾರಿತನ ಎಂದೇ ನಾನು ತಿಳಿದಿದ್ದೆ. ಅದು ಕೆಲವರಿಗೆ ಮರ್ಯಾದೆ ಕಾಪಾಡಿಕೊಳ್ಳುವ ಪರದೆಯೂ ಹೌದೆಂದು ಹೊಳೆದಿರಲಿಲ್ಲ.

ಸುಳ್ಳಿನ ವಿಷಯದಲ್ಲಿ ಇಮ್ಯಾನ್ಯುಯೆಲ್ ಕಾಂಟನಷ್ಟು ಕಟ್ಟುನಿಟ್ಟಿನ ತತ್ತ್ವಜ್ಞಾನಿ ಇನ್ನೊಬ್ಬನಿಲ್ಲ ಎನ್ನುತ್ತಾರೆ. ನಿಮ್ಮ ಗೆಳೆಯನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಅವನೆಲ್ಲಿ ಎಂದು ಕೇಳಿದರೂ ಸುಳ್ಳಾಡಬಾರದು ಎಂದು 1797ರ ಒಂದು ಸಣ್ಣ ಬರಹದಲ್ಲಿ ವಾದಿಸಿದವನು ಅವನು. ಅದೇ ಕಾಂಟ್ 1766ರಲ್ಲಿ ಮೋಸೆಸ್ ಮೆಂಡೆಲ್ಸನ್‌ಗೆ ಬರೆದ ಪತ್ರವೊಂದರಲ್ಲಿ, ತಾನು ದೃಢವಾಗಿ ನಂಬಿದರೂ ಹೊರಗೆ ಹೇಳುವ ಧೈರ್ಯ ಬಾರದ ಸಂಗತಿಗಳು ಹಲವಿವೆ, ಆದರೆ ನಂಬದ್ದನ್ನು ಎಂದೂ ಹೇಳುವುದಿಲ್ಲ ಎಂಬ ಅರ್ಥದ ಮಾತಾಡುತ್ತಾನೆ. ಅಂದರೆ ಹೇಳಿದ್ದೆಲ್ಲ ನಿಜವಿರಬೇಕು, ನಿಜವಿರುವುದನ್ನೆಲ್ಲ ಹೇಳಬೇಕೆಂದಿಲ್ಲ. ಇವೆರಡರ ನಡುವೆ ದೊಡ್ಡ ಅಂಗಳವಿದೆ. ನನ್ನ ಅಸೈನ್‌ಮೆಂಟ್ ಆ ಅಂಗಳವನ್ನೇ ಇಲ್ಲವಾಗಿಸಿತ್ತು. ಸುಮ್ಮನಿರುವುದಕ್ಕೆ ನಾಲ್ಕು ಅಂಕವಾದರೆ, ಸುಮ್ಮನಿರಲಾರದವರು ಸುಳ್ಳನ್ನೇ ತರುತ್ತಾರೆ.

ಕಾಂಟನವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಕನ್ನಡದ ಮಕ್ಕಳಿಗೆ ಸತ್ಯವೆಂದರೆ ಮೊದಲು ನೆನಪಾಗುವುದು ಪುಣ್ಯಕೋಟಿ. ಆ ಹಸುವಿನ ಸತ್ಯ ಯಾವುದು ಎಂದು ಮತ್ತೆ ಯೋಚಿಸಿ ನೋಡಿದೆ. ಅವಳು ತನ್ನ ಕೊಟ್ಟಿಗೆಯ ಕತೆಯನ್ನೆಲ್ಲ ಹುಲಿಯ ಮುಂದೆ ಬಿಚ್ಚಿಡಲಿಲ್ಲ. ಕರುವಿಗೆ ಹಾಲೂಡಿಸಿ ಬರುತ್ತೇನೆಂದಳು, ಬಂದಳು. ಅವಳ ಸತ್ಯ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ನನ್ನ ತರಗತಿಯಲ್ಲಿ ಆ ಅರ್ಥದ ಸತ್ಯಕ್ಕೆ ಹತ್ತಿರವಿದ್ದವನು, ಅವ್ವನಿಗೆ ಕೊಟ್ಟ ಮಾತು ಮುರಿಯದೆ ನಾಲ್ಕು ಅಂಕ ತೆಗೆದುಕೊಂಡು ಹೋದ ಹುಡುಗ.

ಹಾಗಾದರೆ 'ನಿಮ್ಮ ಮಾತಿನಲ್ಲಿ ಬರೆಯಿರಿ' ಎಂಬ ಪಾಠವೇ ತಪ್ಪೇ? ಅಲ್ಲ. ಕನ್ನಡದ ಅತ್ಯಂತ ಪ್ರಸಿದ್ಧ ಬರವಣಿಗೆಯ ಪಾಠವೇ ಅದು. ಕುವೆಂಪು ಮೊದಲು ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಬಂದ ಅವರ ಮೊದಲ ಕವನ ಸಂಕಲನದ ಹೆಸರು 'ಬಿಗಿನರ್ಸ್ ಮ್ಯೂಸ್'. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಹೇಳಿದರು. ತರುಣ ಕವಿಗೆ ಮೊದಲು ನಿರಾಸೆಯಾಯಿತು, ಆಮೇಲೆ ಕಣ್ಣು ತೆರೆಯಿತು. ಈ ಪ್ರಸಂಗವನ್ನು ನಾನೂ ತರಗತಿಯಲ್ಲಿ ಹೇಳಿದ್ದೆ. ಹೇಳುವಾಗ ಗಮನಿಸದೆ ಹೋದದ್ದು ಒಂದೇ. ಕಸಿನ್ಸ್ ಕೇಳಿದ್ದು ಮನೆಯ ಮಾತಿನಲ್ಲಿ ಬರೆ ಎಂದು, ಮನೆಯ ಮಾತನ್ನು ಬರೆ ಎಂದಲ್ಲ. ನಾನು ಒಂದನ್ನು ಕೇಳುತ್ತಿದ್ದೇನೆಂದುಕೊಂಡು ಇನ್ನೊಂದನ್ನು ಕೇಳಿದ್ದೆ.

ಇದೆಲ್ಲ ನನಗೆ ಮೊದಲೇ ಗೊತ್ತಿರಬೇಕಾಗಿತ್ತು. ಎಂ.ಎ. ಓದುವಾಗ ಒಂದು ಬರವಣಿಗೆಯ ಕಮ್ಮಟದಲ್ಲಿ ನಾನೂ ಅಮ್ಮನ ಬಗ್ಗೆ ಬರೆದಿದ್ದೆ. ನಮ್ಮದು ತುಮಕೂರು ಕಡೆಯ ಒಂದು ಹಳ್ಳಿ. ಅಮ್ಮ ನನ್ನ ಫೀಸಿಗಾಗಿ ಯಾರ ಮನೆಗೆ ಹೋಗಿ ಎಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದಳು ಎಂಬುದನ್ನೆಲ್ಲ ಬರೆದೆ. ಕಮ್ಮಟದ ಹಿರಿಯರು ಮೆಚ್ಚಿದರು, ಅದು ಅಚ್ಚಾಯಿತು. ಮುಂದೆ ಒಂದೆರಡು ಕಡೆ ನನ್ನನ್ನು ಕರೆಯಲು ಆ ಬರಹವೇ ಕಾರಣವಾಯಿತು. ಪ್ರತಿಯನ್ನು ಊರಿಗೂ ತೆಗೆದುಕೊಂಡು ಹೋಗಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಪೂರ್ತಿ ಓದಿ, ಮಡಿಸಿ, ಟಿವಿಯ ಮೇಲೆ ಇಟ್ಟಳು. "ಚೆನ್ನಾಗ್ ಬರ್ದಿದೀಯ ಕಣೆ. ಬರ್ಯೋಕ್ ಮುಂಚೆ ಒಂದ್ ಮಾತು ಕೇಳ್ಬೋದಿತ್ತು" ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ. ಮುಂದಿನ ಸಲ ಹೋದಾಗ ಆ ಪ್ರತಿ ಟಿವಿಯ ಮೇಲೆ ಇರಲಿಲ್ಲ.

ಬಾಗಿಲಲ್ಲಿ ನಿಂತದ್ದು ನನ್ನ ಬದುಕಿನ ಸಂಗತಿ ಎಂದು ನಾನು ತಿಳಿದಿದ್ದೆ. ನಿಂತವಳು ಅಮ್ಮ. 'ನನ್ನ ಮನೆ' ಎನ್ನುವುದರಲ್ಲಿ 'ನನ್ನ' ಎಂಬುದು ಎಷ್ಟು ಕಡಿಮೆ ಪಾಲು!

ಇಲ್ಲಿಗೆ ನಿಲ್ಲಿಸಿದರೆ ಒಂದು ಸುಲಭದ ತೀರ್ಮಾನ ಸಿಗುತ್ತದೆ: ಮಕ್ಕಳಿಂದ ಮನೆಯ ವಿಷಯ ಬರೆಸಬಾರದು, ಮುಗಿಯಿತು. ಆದರೆ ಈ ತೀರ್ಮಾನಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ನಾನು ಇವತ್ತಿಗೂ ಪೂರ್ತಿ ದಾಟಿಲ್ಲ. ಮನೆಯ ಮಾತು ಹೊರಗೆ ಬರಬಾರದು ಎನ್ನುವ ನಿಯಮದಿಂದ ಲಾಭವಾದದ್ದು ಯಾರಿಗೆ? ಹೊಡೆಯುವವನಿಗೆ, ಹೊಡೆಸಿಕೊಂಡವಳಿಗಲ್ಲ. ಊರಿನ ಮಾತು ಹೊರಗೆ ಬರಬಾರದು ಎನ್ನುವುದರಿಂದ ಲಾಭ ಯಾರಿಗೆ? ಬಾವಿಗೆ ಬೇಲಿ ಹಾಕಿದವರಿಗೆ. ದಲಿತ ಲೇಖಕರು, ಹೆಣ್ಣುಮಕ್ಕಳು ಈ ನಿಯಮವನ್ನು ಮುರಿಯದೇ ಇದ್ದಿದ್ದರೆ ಕನ್ನಡಕ್ಕೆ ಗೊತ್ತೇ ಆಗದೆ ಉಳಿಯುತ್ತಿದ್ದ ಬದುಕುಗಳೆಷ್ಟು! ನಾನು ತರಗತಿಯಲ್ಲಿ ಓದಿದ ಆ ಎರಡು ಪುಸ್ತಕಗಳೇ ಅದಕ್ಕೆ ಸಾಕ್ಷಿ. ಹದಿನೆಂಟರ ಹುಡುಗಿಯೊಬ್ಬಳಿಗೆ ತನ್ನ ಮನೆಯಲ್ಲಿ ನಡೆಯುವುದನ್ನು ಹೇಳಿಕೊಳ್ಳಲು ಬರವಣಿಗೆಯ ತರಗತಿ ಮೊದಲ ಕಿಂಡಿಯಾಗಬಹುದು. ಆ ಕಿಂಡಿಯನ್ನು ಸಭ್ಯತೆಯ ಹೆಸರಿನಲ್ಲಿ ನಾನು ಮುಚ್ಚಬಹುದೇ?

ಮುಚ್ಚಬಾರದು. ಆದರೆ ತೆರೆದ ಕಿಂಡಿಗೂ, ಒಳಗಿದ್ದವರನ್ನು ಎಳೆದು ಹೊರತರುವುದಕ್ಕೂ ವ್ಯತ್ಯಾಸವಿದೆ. ಆ ಆತ್ಮಕತೆಗಳನ್ನು ಬರೆದವರು ಬರೆಯುವ ಕಾಲವನ್ನು ತಾವೇ ಆರಿಸಿಕೊಂಡಿದ್ದರು. ಏನು ಹೇಳಬೇಕು, ಏನನ್ನು ನಗುತ್ತಾ ಹೇಳಬೇಕು, ಏನನ್ನು ಬಿಡಬೇಕು ಎಂಬುದು ಅವರ ಕೈಯಲ್ಲಿತ್ತು. ಅವರಿಗೆ ಯಾರೂ ಹತ್ತಕ್ಕೆ ಇಷ್ಟು ಎಂದು ಹಾಕಿರಲಿಲ್ಲ. 'ಪ್ರಯತ್ನ' ಎಂಬರ್ಥದ ಹೆಸರಿಟ್ಟು 1580ರಲ್ಲಿ ತನ್ನ ಪ್ರಬಂಧಗಳನ್ನು ಪ್ರಕಟಿಸಿದ ಫ್ರಾನ್ಸಿನ ಮೋಂಟೇನ್, ತನ್ನ ಬಗ್ಗೆಯೇ ಬರೆಯುವುದನ್ನು ಒಂದು ಸಾಹಿತ್ಯ ಪ್ರಕಾರವಾಗಿಸಿದವನು. ಅವನೂ ಮುನ್ನುಡಿಯಲ್ಲಿ, ಇದು ತನ್ನ ಬಂಧುಮಿತ್ರರಿಗಾಗಿ ಬರೆದದ್ದು ಎಂದು ಓದುಗರನ್ನು ಮೊದಲು ಆರಿಸಿಕೊಳ್ಳುತ್ತಾನೆ. ನಮ್ಮ ವಚನಕಾರರನ್ನು ನೋಡಿ. ತಮ್ಮ ಆಸೆ, ನಾಚಿಕೆ, ಸೋಲು ಎಲ್ಲವನ್ನೂ ಬಯಲಿಗಿಟ್ಟವರು. ಆದರೆ ಪ್ರತಿ ವಚನದ ಕೊನೆಗೂ ಅದು ಯಾರಿಗೆ ಹೇಳಿದ ಮಾತು ಎಂಬುದು ಅಂಕಿತವಾಗಿ ನಿಲ್ಲುತ್ತದೆ: ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು ಅಷ್ಟೆ. ಒಳಗಿನದನ್ನು ಹೇಳಿಕೊಳ್ಳಲು ಯಾರಿಗೆ ಹೇಳುತ್ತಿದ್ದೇನೆ ಎಂಬುದನ್ನು ಹೇಳುವವರೇ ಆರಿಸಿಕೊಳ್ಳಬೇಕು. ನನ್ನ ಮಕ್ಕಳಿಗೆ ಆ ಆಯ್ಕೆ ಇರಲಿಲ್ಲ. ಅವರ ಎಲ್ಲ ಕಾಗದಗಳ ಅಂಕಿತ ನಾನೇ ಆಗಿದ್ದೆ, ಕೈಯಲ್ಲಿ ಕೆಂಪು ಪೆನ್ನು ಹಿಡಿದು.

ಆ ಸೆಮಿಸ್ಟರಿನ ನಡುವೆ ನಾನು ಎರಡು ಕೆಲಸ ಮಾಡಿದೆ. ಒಂದು, ಇನ್ನು ಮುಂದೆ ಬರೆಯುವುದರ ಮೇಲೆ 'ಓದಬೇಡಿ' ಎಂದು ಬರೆದರೆ ತರಗತಿಯಲ್ಲಿ ಓದುವುದಿಲ್ಲ, 'ಕತೆ' ಎಂದು ಬರೆದರೆ ನಿಜವೇ ಎಂದು ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಎರಡು, 'ನಮ್ಮ ಮನೆ'ಯ ಅಂಕಗಳನ್ನು ಬಿಟ್ಟು, ಎಲ್ಲರಿಗೂ ಬೇರೆ ವಿಷಯ ಕೊಟ್ಟೆ: 'ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು, ಗೊತ್ತಿಲ್ಲದವರಿಗೆ ಅರ್ಥವಾಗುವ ಹಾಗೆ ಬರೆಯಿರಿ.' ಮನೆಯನ್ನು ತರಬೇಕೆಂದವರು ಇದರಲ್ಲೂ ತರಬಹುದು, ಬೇಡವೆಂದವರು ಹೊರಗೇ ಇರಬಹುದು.

ಹುಡುಗ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಎತ್ತುವುದನ್ನು ಬರೆದ. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು ಎಂದು ತಿಂದವರು ಹೇಳುತ್ತಾರೆ, ಹೊತ್ತವರನ್ನು ಕೇಳಿ ಎಂದು ಶುರು ಮಾಡಿದ್ದ. ಮುಖಕ್ಕೆ ಒದ್ದೆ ಬಟ್ಟೆ ಯಾಕೆ ಕಟ್ಟಿಕೊಳ್ಳಬೇಕು, ಚೀಲವನ್ನು ಸೊಂಟದಿಂದ ಎತ್ತದೆ ಮೊಣಕಾಲಿನಿಂದ ಯಾಕೆ ಎತ್ತಬೇಕು, ಸಂಜೆ ಕೈ ತೊಳೆಯದೆ ಕಣ್ಣು ಮುಟ್ಟಿದರೆ ಏನಾಗುತ್ತದೆ, ತೊಳೆದರೂ ಏನಾಗುತ್ತದೆ. ಗೈಡಿನ ಒಂದು ವಾಕ್ಯವೂ ಇರಲಿಲ್ಲ. ಮನೆಯ ಬಗ್ಗೆ ಒಂದು ಶಬ್ದವೂ ಇರಲಿಲ್ಲ. ಹದಿನೆಂಟರ ಹುಡುಗ ರಜೆಯ ದಿನಗಳಲ್ಲಿ ಚೀಲ ಯಾಕೆ ಹೊರುತ್ತಾನೆ ಎಂದು ನಾನು ಊಹಿಸಬಹುದಿತ್ತು. ಕೇಳಲಿಲ್ಲ. ಎಂಟು ಅಂಕ ಕೊಟ್ಟೆ.

ಹುಡುಗಿ ಅಪ್ಪ ಅಂಗಿಗೆ ಕಾಜಾ ಹಾಕುವುದನ್ನು ಬರೆದಳು. ಗುರುತು ಹಾಕುವುದು, ಕತ್ತರಿಸುವುದು, ಅಂಚಿನ ಸುತ್ತ ಒತ್ತೊತ್ತಾಗಿ ದಾರ ಸುತ್ತಿ ಗಂಟು ಕೂರಿಸುವುದು. ಎಲ್ಲ ಸರಿಯಾಗಿತ್ತು. ಆದರೆ ನಿಜ ಹೇಳಬೇಕೆಂದರೆ ಅದು ಚಪ್ಪಲಿಯ ಬರಹದಷ್ಟು ಚೆನ್ನಾಗಿರಲಿಲ್ಲ. ಆರು ಕೊಟ್ಟೆ. ಅವಳು ಅಂಕ ನೋಡಿ ನಕ್ಕಳು. "ಸುಖಾ ಬರಿಯೂದು ಭಾಳ ಕಷ್ಟ ಅದ್ರಿ ಮೇಡಂ" ಎಂದಳು. ಅದು ನನಗೂ ಗೊತ್ತಿಲ್ಲದ ವಿದ್ಯೆ ಎಂದು ಹೇಳಬೇಕೆನಿಸಿತು.

ಹೊಸ ವಿಷಯದಿಂದ ಎಲ್ಲ ಸರಿಹೋಯಿತು ಎನ್ನಲಾರೆ. ಆ ವರ್ಷವಿಡೀ 'ಓದಬೇಡಿ' ಎಂದು ಬರೆದು ಕೊಟ್ಟವರು ಮೂವರು. ಅವರಲ್ಲಿ ಒಬ್ಬಳು ಬರೆದದ್ದನ್ನು ಓದಿದ ಮೇಲೆ ಅಂಕ ಕೊಡುವುದು ಬಿಟ್ಟು ಇನ್ನೂ ಏನಾದರೂ ಮಾಡಬೇಕಾಗಿತ್ತು. ಅವಳೊಡನೆ ಕೂತು ಮಾತಾಡಿದೆ, ಅವಳು ಒಪ್ಪಿದ ಮೇಲೆ ಹಿರಿಯರೊಬ್ಬರ ಸಹಾಯ ಕೇಳಿದೆ. ಅಷ್ಟು ಸಾಕಾಯಿತೇ, ತಿಳಿಯದು. ಸತ್ಯ ಬರೆಯಿರಿ ಎಂದು ಕೇಳುವವರು, ಬಂದ ಸತ್ಯಕ್ಕೆ ಏನು ಮಾಡುತ್ತೇವೆ ಎಂದು ಮೊದಲೇ ಯೋಚಿಸಿರಬೇಕು. ಅಂಕ ಅದಕ್ಕೆ ಉತ್ತರವಲ್ಲ. ಕೇಳುವ ಹಕ್ಕು ಇದೆಯೇ ಎಂಬ ಪ್ರಶ್ನೆಗೆ ಈಗ ನನ್ನ ಉತ್ತರ ಇಷ್ಟು: ಕೊಡದೆ ಇರುವವರಿಗೆ ಏನೂ ನಷ್ಟವಾಗದಂತೆ ಕೇಳಲು ಬಂದರೆ ಕೇಳಬಹುದು; ಬಂದದ್ದರ ಜವಾಬ್ದಾರಿ ಹೊರುತ್ತೇನೆ ಎನ್ನುವುದಾದರೆ ಕೇಳಬಹುದು. ಇಲ್ಲವಾದರೆ ಮೆಣಸಿನಕಾಯಿ ಚೀಲ ಸಾಕು, ಕಾಜಾ ಸಾಕು. ಬರವಣಿಗೆ ಕಲಿಯಲು ಅವು ಕಡಿಮೆಯಲ್ಲ.

ಇದನ್ನು ಕಳಿಸುವ ಮುನ್ನ ಇಬ್ಬರಿಗೂ ವಾಟ್ಸಾಪಿನಲ್ಲಿ ಕಳಿಸಿದೆ. ಹುಡುಗ ಒಂದು ಸಾಲು ತೆಗೆಯಲು ಹೇಳಿದ, ತೆಗೆದಿದ್ದೇನೆ. ಹುಡುಗಿ ಅಪ್ಪನಿಗೆ ಓದಿ ಹೇಳಿದಳಂತೆ. ಅವರು ಹೊಲಿಗೆ ಮಿಷನ್ನು ನಿಲ್ಲಿಸಿ, "ಅಲ್ಲಬೇ, ನನ್ನ ಸಾಯ್ಸಿ ಒಂಬತ್ತ ಮಾರ್ಕ್ಸ ತಗೊಂಡಿ?" ಎಂದು ನಕ್ಕರಂತೆ. ಬಾಜೂ ಮನೆಯ ಆ ತಾಯಿಯನ್ನು ಕೇಳಲು ನನಗೆ ದಾರಿ ಇರಲಿಲ್ಲ. ಕೇಳುವುದೇ ಇನ್ನೊಂದು ಗಾಯವಾದೀತು ಎಂಬ ಹೆದರಿಕೆಯೂ ಇತ್ತು. ಹಾಗಾಗಿ ಇಲ್ಲಿ ಚಪ್ಪಲಿ ಎಂದು ಬರೆದಿದ್ದೇನೆ. ನಿಜವಾಗಿ ಅದು ಬೇರೆ ವಸ್ತು. ಯಾವುದೆಂದು ಹೇಳುವುದಿಲ್ಲ.

ಅಮ್ಮನ ವಿಷಯ ಬರೆದ ಭಾಗವನ್ನು ಈ ಸಲ ಮೊದಲೇ ಫೋನಿನಲ್ಲಿ ಓದಿ ಹೇಳಿದೆ. ಟಿವಿಯ ಮೇಲಿದ್ದ ಆ ಪ್ರತಿ ಏನಾಯಿತು ಎಂದೂ ಕೇಳಿದೆ. ಬೀರುವಿನಲ್ಲಿ ಸೀರೆಗಳ ಕೆಳಗೆ ಇದೆಯಂತೆ.